ಆಸ್ಪತ್ರೆ ಬಿಟ್ಟಿ, ಹಾದಿ ದುಬಾರಿ!

ಕಡೂರು, ತರೀಕೆರೆ, ಅಜ್ಜಂಪುರದ ರೋಗಿಗಳು ‘ಮುಂದಕ್ಕೆ’ ಹೋಗುವ ಕಥೆ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರರಲ್ಲಿ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಾದರೂ ಅರ್ಧ ಗಂಟೆ ಕೂತರೆ ಸಾಕು, ಸರ್ಕಾರಿ ಆಸ್ಪತ್ರೆಯ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಇಲ್ಲಿ ಆಗಲ್ವಂತೆ, ಮುಂದಕ್ಕೆ ಕರ್ಕಂಡೋಗಿ ಅಂದ್ರು.’ ಮುಂದಕ್ಕೆ ಅಂದರೆ ಎಲ್ಲಿಗೆ? ಕಡೂರಿನವರಿಗೆ ಚಿಕ್ಕಮಗಳೂರು, ಅದೂ ಆಗದಿದ್ದರೆ ಹಾಸನ. ತರೀಕೆರೆಯವರಿಗೆ ಶಿವಮೊಗ್ಗದ ಮೆಗ್ಗಾನ್. ಅಜ್ಜಂಪುರದವರಿಗೆ ಮೊದಲು ತರೀಕೆರೆ, ಅಲ್ಲಿಂದ ಮತ್ತೆ ಮುಂದಕ್ಕೆ. ಈ ‘ಮುಂದಕ್ಕೆ’ ಎಂಬುದಕ್ಕೆ ಕೊನೆ ಎಲ್ಲಿ ಅಂತ ರೋಗಿಗೂ ಗೊತ್ತಿಲ್ಲ, ಜತೆಗೆ ಬಂದವರಿಗೂ ಗೊತ್ತಿಲ್ಲ.

ಸರ್ಕಾರಿ ಆಸ್ಪತ್ರೆ ಅಂದಕೂಡಲೇ ಜನ ಆಡುವ ದೂರಿನ ಪಟ್ಟಿ ಉದ್ದವಿದೆ. ಔಷಧಿ ಇಲ್ಲ, ಹಾಸಿಗೆ ಇಲ್ಲ, ಡಾಕ್ಟರು ಇನ್ನೂ ಬಂದಿಲ್ಲ, ಕಕ್ಕಸಿಗೆ ನೀರಿಲ್ಲ. ಇವೆಲ್ಲ ಹಳೇ ರಾಗ, ರಾಜ್ಯದ ಯಾವ ಊರಿಗೆ ಹೋದರೂ ಕೇಳಬಹುದು. ಈ ಮೂರು ತಾಲ್ಲೂಕಿನ ಬಡವನ ಮನೆಯನ್ನು ಇದಕ್ಕಿಂತ ಹೆಚ್ಚು ಹಿಂಡುವುದು ಒಂದು ಆಸ್ಪತ್ರೆಗೂ ಇನ್ನೊಂದು ಆಸ್ಪತ್ರೆಗೂ ನಡುವೆ ಇರುವ ಹಾದಿ. ಚಿಕಿತ್ಸೆ ಬಿಟ್ಟಿ ಎಂಬುದೇನೋ ನಿಜ. ಹಾದಿ ಮಾತ್ರ ಬಿಟ್ಟಿಯಾಗಿಲ್ಲ.

ಭೂಪಟದ ತೊಡಕು

ನಕ್ಷೆ ಹಿಡಿದು ನೋಡಿದರೆ ಕಷ್ಟ ಎಲ್ಲಿದೆ ಎಂದು ತಿಳಿಯುತ್ತದೆ. ಕಡೂರು ಬಯಲುಸೀಮೆ, ತೆಂಗು-ರಾಗಿಯ ನಾಡು. ತರೀಕೆರೆ ಮಲೆನಾಡಿನ ಹೊಸ್ತಿಲು, ಅಡಿಕೆ ತೋಟದ ಸೀಮೆ. ಭದ್ರಾ ಅಣೆಕಟ್ಟೆಯ ಲಕ್ಕವಳ್ಳಿ ಇರುವುದು ಈ ತಾಲ್ಲೂಕಿನಲ್ಲೇ. ಅಜ್ಜಂಪುರ ಈರುಳ್ಳಿ ಬೆಳೆಯುವ ಊರು, ಅಮೃತಮಹಲ್ ದನದ ತಳಿ ಕೇಂದ್ರ ಇರುವ ಊರು. ಮೂರೂ ಚಿಕ್ಕಮಗಳೂರು ಜಿಲ್ಲೆಗೆ ಸೇರಿದವು. ಆದರೆ ತರೀಕೆರೆಯ ರೋಗಿಗೆ ಸ್ವಂತ ಜಿಲ್ಲೆಯ ದೊಡ್ಡಾಸ್ಪತ್ರೆಗಿಂತ ಪಕ್ಕದ ಜಿಲ್ಲೆಯ ಶಿವಮೊಗ್ಗವೇ ಹತ್ತಿರ. ರೋಗಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ, ಕಾಗದ-ಪತ್ರಕ್ಕೆ ಮಾತ್ರ ಗೊತ್ತು.

ಮೈಸೂರು ಸಂಸ್ಥಾನದ ಕಾಲದಲ್ಲಿ ಇಡೀ ಜಿಲ್ಲೆಯ ಹೆಸರೇ ಕಡೂರು. ಕಚೇರಿಗಳು ಹತ್ತೊಂಬತ್ತನೇ ಶತಮಾನದಲ್ಲೇ ಚಿಕ್ಕಮಗಳೂರಿಗೆ ಹೋದವು, 1947ರಲ್ಲಿ ಹೆಸರೂ ಹೋಯಿತು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಬೀರೂರು ಜಂಕ್ಷನ್ನಿನಲ್ಲಿ ಹಳಿ ಎರಡು ಕವಲಾಗುತ್ತದೆ. ಒಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರು, ದಾವಣಗೆರೆ ಕಡೆ ಹೋಗುತ್ತದೆ. ಇನ್ನೊಂದು ತರೀಕೆರೆಯ ಮೇಲೆ ಭದ್ರಾವತಿ, ಶಿವಮೊಗ್ಗದ ಕಡೆ. ಅಜ್ಜಂಪುರದವರು ರೈಲಿನಲ್ಲಿ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಬೀರೂರಿಗೆ ಬಂದು ಗಾಡಿ ಬದಲಿಸಬೇಕು. ಹೊಟ್ಟೆ ಹಿಡಿದುಕೊಂಡವನಿಗೆ ಪ್ಲಾಟ್‌ಫಾರಂ ದಾಟಿಸುವ ಕೆಲಸ ಏನೆಂಬುದು ದಾಟಿಸಿದವರಿಗೇ ಗೊತ್ತು.

ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾದಾಗ ಅದಕ್ಕೂ ತಾಲ್ಲೂಕಿನ ಪಟ್ಟ ಬಂತು. ತಹಶೀಲ್ದಾರರ ಕಚೇರಿಗೆ ಬೋರ್ಡು ಬರೆಸಿ ನೇತುಹಾಕುವುದು ಒಂದು ದಿನದ ಕೆಲಸ. ತಜ್ಞ ಡಾಕ್ಟರು, ಆಪರೇಷನ್ ಕೊಠಡಿ, ರಕ್ತ ಇಡುವ ಘಟಕ, ರಾತ್ರಿ ಪಾಳಿಯ ನರ್ಸುಗಳು ಹಾಗೆ ಒಂದು ದಿನದಲ್ಲಿ ಬರುವುದಿಲ್ಲ. ತಾಲ್ಲೂಕು ಆದ ಮಾತ್ರಕ್ಕೆ ತಾಲ್ಲೂಕು ಆಸ್ಪತ್ರೆ ಆಗುವುದಿಲ್ಲ ಎಂಬ ಪಾಠವನ್ನು ರಾಜ್ಯದ ಹೊಸ ತಾಲ್ಲೂಕುಗಳು ಕಲಿಯುತ್ತಿವೆ. ಶಿವನಿ, ಬುಕ್ಕಾಂಬುಧಿ ಕಡೆಯ ಜನ ಅದರ ಫೀಸು ಕಟ್ಟುತ್ತಿದ್ದಾರೆ.

ಉದ್ರಿ ಪುಸ್ತಕದ ಲೆಕ್ಕ

ಹಾದಿ ದುಬಾರಿ ಅಂದರೆ ಎಷ್ಟು ದುಬಾರಿ? ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. ಆದರೂ ಒಂದು ಸಾಧಾರಣ ಲೆಕ್ಕ ಹಾಕಿ ನೋಡಬಹುದು.

ಮನೆಯಲ್ಲಿ ಒಬ್ಬರನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರೆ ಜತೆಗೆ ಕನಿಷ್ಠ ಇಬ್ಬರು ಹೋಗಬೇಕು. ಒಬ್ಬರು ಹಾಸಿಗೆ ಪಕ್ಕ ಕೂರಬೇಕು, ಇನ್ನೊಬ್ಬರು ಚೀಟಿ ಹಿಡಿದು ಓಡಬೇಕು. ರಕ್ತ ಪರೀಕ್ಷೆಗೆ ಒಂದು ಕಡೆ, ಎಕ್ಸ್‌ರೇಗೆ ಇನ್ನೊಂದು ಕಡೆ, ಸೀಲು ಹಾಕಿಸಲು ಮತ್ತೊಂದು ಕಡೆ. ನರ್ಸುಗಳು ಸಾಲದ ವಾರ್ಡಿನಲ್ಲಿ ರೋಗಿಯನ್ನು ಮಗ್ಗುಲು ಬದಲಿಸುವುದು, ಉಚ್ಚೆ ಬುರುಡೆ ಹಿಡಿಯುವುದು, ಗ್ಲೂಕೋಸ್ ಬಾಟಲಿ ಮುಗಿಯಿತೇ ನೋಡುವುದು ಎಲ್ಲವೂ ಮನೆಯವರ ಪಾಲಿಗೇ. ಉದ್ಯೋಗ ಖಾತ್ರಿಯಲ್ಲಿ 2025–26ನೇ ಸಾಲಿಗೆ ಕರ್ನಾಟಕಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಇಬ್ಬರು ಮೂರು ದಿನ ಆಸ್ಪತ್ರೆಯ ವರಾಂಡದಲ್ಲಿ ಕೂತರೆ 2,220 ರೂಪಾಯಿಯ ದುಡಿಮೆ ಅಲ್ಲಿಗೆ ಹೋಯಿತು. ಇದು ಇನ್ನೂ ಊಟ, ಕಾಫಿ, ಆಟೋ, ಫೋನಿನ ಕರೆನ್ಸಿ ಲೆಕ್ಕಕ್ಕೆ ಬರುವ ಮೊದಲಿನ ಮಾತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಇದು ದೊಡ್ಡ ಆಸರೆಯೇ ಸರಿ. ಈಚೆಗೆ ರೋಗಿಯ ಜತೆ ಹೋಗುವವರು ಹೆಚ್ಚಾಗಿ ತಾಯಿ, ಅಕ್ಕ, ಅತ್ತಿಗೆ ಆಗಿರುವುದಕ್ಕೆ ಇದೂ ಒಂದು ಕಾರಣ. ಆದರೆ ಬಸ್ಸು ಹಗಲಿನ ಗಾಡಿ. ಎದೆನೋವು, ಹೆರಿಗೆ ನೋವು, ಹಾವು ಕಚ್ಚುವುದು ಇವೆಲ್ಲ ಕೊನೇ ಬಸ್ಸು ಹೋದ ಮೇಲೆಯೂ ಬರುತ್ತವೆ. ಆಂಬುಲೆನ್ಸ್ ಸಿಗದೆ ಹೋದರೆ ಬಾಡಿಗೆ ಕಾರೇ ಗತಿ. ಅಪರಾತ್ರಿಯಲ್ಲಿ ಬಾಡಿಗೆ ಚೌಕಾಸಿ ಮಾಡುವ ಧೈರ್ಯ ಯಾರಿಗಿರುತ್ತದೆ?

ಹೀಗೆ ಹೊರಟವರ ಕೈಯಲ್ಲಿ ಇರುವುದು ಸಂಘದ ಸಾಲ, ಅಡವಿಟ್ಟ ಓಲೆಯ ದುಡ್ಡು, ಇಲ್ಲವೇ ಪಕ್ಕದ ಮನೆಯವರ ಕೈಗಡ. ಮೂರು ತಿಂಗಳಾದರೂ ಬಾಕಿ ತೀರಿಸದ ಗಿರಾಕಿಯನ್ನು ಅಂಗಡಿಯವರು ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ. ವಿಚಾರಿಸಿದರೆ ಮನೆಯಲ್ಲಿ ಯಾರೋ ಆಸ್ಪತ್ರೆ ಸೇರಿದ್ದು ಗೊತ್ತಾಗುತ್ತದೆ. ಪುಕ್ಕಟೆ ಆಸ್ಪತ್ರೆಯ ಖರ್ಚು ಕೊನೆಗೆ ದಿನಸಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬಂದು ಕೂರುತ್ತದೆ.

ಡಯಾಲಿಸಿಸ್‌ನವರ ಪಾಡು ಇನ್ನೊಂದು ಬಗೆ. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಯಂತ್ರಕ್ಕೆ ಮೈ ಕೊಡಬೇಕು. ಯಂತ್ರ ತಾಲ್ಲೂಕಿನಲ್ಲೇ ನಡೆದರೆ ಅರ್ಧ ದಿನದಲ್ಲಿ ಮನೆ ಸೇರಬಹುದು. ಅದೇ ಯಂತ್ರ ಕೆಟ್ಟು ದೂರದ ಊರಿಗೆ ಹೋಗಬೇಕಾದರೆ ದಿನವೆಲ್ಲ ಹಾಳು. ವಾರದ ಅರ್ಧ ಬಸ್ಸಿನಲ್ಲೇ ಕಳೆಯುವ ಮನುಷ್ಯನಿಗೆ ಕೆಲಸ ಕೊಡುವವರು ಯಾರು?

ಒಬ್ಬ ಡಾಕ್ಟರು ಸಾಲದು

ಹಾಗಾದರೆ ಮುಂದಕ್ಕೆ ಕಳಿಸುವ ಡಾಕ್ಟರೇ ತಪ್ಪಿತಸ್ಥರೇ? ಅಷ್ಟು ಸುಲಭದ ಮಾತಲ್ಲ.

ಸಿಸೇರಿಯನ್ ಉದಾಹರಣೆ ತೆಗೆದುಕೊಳ್ಳಿ. ಹೆರಿಗೆ ಡಾಕ್ಟರು ಇದ್ದರೂ ಅರಿವಳಿಕೆ ಕೊಡುವ ಡಾಕ್ಟರು ಇಲ್ಲದಿದ್ದರೆ ಕತ್ತರಿ ಮುಟ್ಟುವಂತಿಲ್ಲ. ಹುಟ್ಟಿದ ಕೂಸು ಅಳದಿದ್ದರೆ ನೋಡಲು ಮಕ್ಕಳ ಡಾಕ್ಟರು ಬೇಕು. ರಕ್ತ ಹೆಚ್ಚು ಹೋದರೆ ಕೊಡಲು ರಕ್ತ ಇರಬೇಕು. ನಾಲ್ಕರಲ್ಲಿ ಒಂದು ಕಳಚಿದರೂ ಇಡೀ ಸರಪಳಿ ಬಿತ್ತು. ತಿಂಗಳಿಗೆ 720 ಗಂಟೆ. ಒಬ್ಬರೇ ಹೆರಿಗೆ ಡಾಕ್ಟರು ಅಷ್ಟೂ ಹೊತ್ತು ಕಾಯಲು ಅವರೇನು ಗಡಿಯಾರವೇ? ಅವರು ರಜೆ ಹಾಕಿದ ದಿನ, ಕೋರ್ಟಿಗೆ ಸಾಕ್ಷಿಗೆ ಹೋದ ದಿನ, ನಿದ್ದೆ ಮಾಡಿದ ರಾತ್ರಿ ಆ ತಾಲ್ಲೂಕಿಗೆ ಸಿಸೇರಿಯನ್ ಇಲ್ಲ.

ಸರ್ಕಾರದ ಕಾಗದದಲ್ಲಿ ಅಳತೆ ಚೊಕ್ಕವಾಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 6 ಹಾಸಿಗೆ, ಸಮುದಾಯ ಆರೋಗ್ಯ ಕೇಂದ್ರಕ್ಕೆ 30, ತಾಲ್ಲೂಕು ಆಸ್ಪತ್ರೆಗೆ 100. ಹಾಸಿಗೆಯನ್ನು ಟೆಂಡರ್ ಕರೆದು ತರಬಹುದು. ಅದರ ಪಕ್ಕ ನಿಲ್ಲುವ ತಜ್ಞರನ್ನು ತರುವುದು ಹೇಗೆ? ಡಾಕ್ಟರಿಕೆ ಓದಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾನೂನನ್ನು ಕರ್ನಾಟಕ 2012ರಲ್ಲೇ ಮಾಡಿತು. ಹಾಗೆ ಬಂದ ಹೊಸ ಹುಡುಗರು ಊರಿನ ಭಾಷೆ, ರೋಗಿಗಳ ಮುಖ ಕಲಿಯುವಷ್ಟರಲ್ಲಿ ವರ್ಷ ಮುಗಿದು ಹೊರಟುಹೋಗುತ್ತಾರೆ.

ಇನ್ನೊಂದು ಸಂಗತಿಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ರೋಗಿಯನ್ನು ಇಟ್ಟುಕೊಂಡು, ಪ್ರಯತ್ನಪಟ್ಟು, ಜೀವ ಹೋದರೆ ಆಸ್ಪತ್ರೆ ಮುಂದೆ ಗಲಾಟೆ, ಕಿಟಕಿ ಗಾಜು ಪುಡಿ, ಡಾಕ್ಟರ ಕೊರಳಪಟ್ಟಿಗೆ ಕೈ. ಅದೇ ರೋಗಿಯನ್ನು ಚೀಟಿ ಬರೆದು ಕಳಿಸಿದರೆ, ದಾರಿಯಲ್ಲಿ ಜೀವ ಹೋದರೂ ಯಾರೂ ಕೇಳುವುದಿಲ್ಲ. ಇಟ್ಟುಕೊಂಡವರಿಗೆ ಏಟು, ಕಳಿಸಿದವರಿಗೆ ನೆಮ್ಮದಿ ಎಂಬ ವ್ಯವಸ್ಥೆ ಇದ್ದರೆ ಡಾಕ್ಟರು ಏನು ಮಾಡುತ್ತಾರೆ? ಪೆನ್ನು ತೆಗೆಯುತ್ತಾರೆ.

ಇಷ್ಟಾದರೂ ಒಳ್ಳೆಯದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ನೂರಕ್ಕೆ ನಲವತ್ತೂ ಇರಲಿಲ್ಲ. 2019–21ರ ಸಮೀಕ್ಷೆ ಹೊತ್ತಿಗೆ ಅದು ನೂರಕ್ಕೆ 97 ಆಯಿತು. ಲಕ್ಷ ಹೆರಿಗೆಗೆ ಸಾಯುತ್ತಿದ್ದ ತಾಯಂದಿರ ಸಂಖ್ಯೆ 2004–06ರಲ್ಲಿ 213 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ಜನರನ್ನು ಆಸ್ಪತ್ರೆಯ ಬಾಗಿಲಿಗೆ ತಂದಿದ್ದಾರೆ. ಬಾಗಿಲಿಗೆ ಬಂದವರನ್ನು ಒಳಗಿಟ್ಟು ನೋಡುವ ಶಕ್ತಿ ಬಾಗಿಲಿನಷ್ಟು ಬೇಗ ಬೆಳೆಯಲಿಲ್ಲ.

ಬಾಗಿಲಿಗೆ ಬಂದರೆ ಸಾಲದು, ಒಳಗಿನ ಆರೈಕೆಯೂ ನೆಟ್ಟಗಿರಬೇಕು ಎಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿ ತೋರಿಸಿತು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಏರಿಸುವ ದ್ರಾವಣದ ಮೇಲೆ ಅನುಮಾನ ಬಂದು ರಾಜ್ಯವೆಲ್ಲ ಗದ್ದಲವಾಯಿತು. ಆ ಪೆಟ್ಟಿನ ನಂತರ, ಸಮುದಾಯ ಕೇಂದ್ರಗಳಲ್ಲಿ ಒಬ್ಬೊಬ್ಬರಾಗಿ ಚದುರಿರುವ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗೆ ತಂದು, ಹಗಲೂ ರಾತ್ರಿ ತಂಡ ಇರುವಂತೆ ಮಾಡುವ ಯೋಜನೆಯನ್ನು ಇಲಾಖೆ 2025ರಲ್ಲಿ ಮುಂದಿಟ್ಟಿತು. ಒಂದೇ ಎತ್ತಿನ ನೇಗಿಲು ಉಳುವುದಿಲ್ಲವಾದ್ದರಿಂದ ಇದು ಒಪ್ಪುವ ಮಾತೇ. ಆದರೆ ಹೊಸ ತಾಲ್ಲೂಕಿನ ಊರುಗಳು ಕೇಳಬೇಕಾದ ಪ್ರಶ್ನೆ ಒಂದಿದೆ: ತಜ್ಞರು ಬಂದು ಸೇರುವ ಪಟ್ಟಿಯಲ್ಲಿ ನಮ್ಮೂರಿದೆಯೋ, ತಜ್ಞರು ಬಿಟ್ಟುಹೋಗುವ ಪಟ್ಟಿಯಲ್ಲಿದೆಯೋ?

ಕಾರಣ ಬರೆಯದ ಚೀಟಿ

ಕಳಿಸುವುದೇ ತಪ್ಪಲ್ಲ. ಕೆಲವು ರೋಗಿಗಳನ್ನು ಬೇಗ ಕಳಿಸುವುದೇ ಪ್ರಾಣ ಉಳಿಸುವ ದಾರಿ. ತಪ್ಪಿರುವುದು ಕಳಿಸುವ ರೀತಿಯಲ್ಲಿ.

ಹೋಗಿ ಬಂದವರು ಹೇಳುವ ಮಾತು ಬಹುತೇಕ ಒಂದೇ. ಏನಾಗಿದೆ ಅಂತ ಹೇಳಲಿಲ್ಲ. ಯಾಕೆ ಇಲ್ಲಿ ಆಗಲ್ಲ ಅಂತ ಹೇಳಲಿಲ್ಲ. ಅಲ್ಲಿ ಹಾಸಿಗೆ ಇದೆಯೋ ಅಂತ ವಿಚಾರಿಸಲಿಲ್ಲ. ದೊಡ್ಡಾಸ್ಪತ್ರೆಗೆ ಹೋದರೆ ಮೊದಲಿಂದ ಎಲ್ಲ ಪರೀಕ್ಷೆ ಮತ್ತೆ ಶುರು. ಇಲ್ಲಿ ಯಾವ ಇಂಜೆಕ್ಷನ್ ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು ಅಂತ ಅಲ್ಲಿ ಕೇಳಿದರೆ ಮನೆಯವರು ಬಾಯಿ ಬಾಯಿ ಬಿಡುತ್ತಾರೆ. ಚೀಟಿಯಲ್ಲಿ ಇರುವುದು ಎರಡು ಸಾಲು, ಅದೂ ಓದಲು ಬರದ ಇಂಗ್ಲಿಷು. ಗದರಿಸಿದ್ದಕ್ಕಿಂತ ಹೆಚ್ಚಾಗಿ ಜನಕ್ಕೆ ನೋವಾಗುವುದು ಏನೂ ಹೇಳದೆ ಇದ್ದದ್ದಕ್ಕೆ.

ಈ ದೂರು ಹೊಸದಲ್ಲ, ಇದಕ್ಕೆ ದೇಶದ ದೊಡ್ಡ ಕೋರ್ಟು ಎಂದೋ ತೀರ್ಪು ಕೊಟ್ಟಿದೆ. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೃಷಿ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಅವನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಹೊತ್ತೊಯ್ದರು. ಒಂದು ಕಡೆ ಸೌಕರ್ಯ ಇಲ್ಲ, ಇನ್ನೊಂದು ಕಡೆ ಹಾಸಿಗೆ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯೇ ಗತಿಯಾಯಿತು. ಕೂಲಿಕಾರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಮೇ ತಿಂಗಳಲ್ಲಿ ಬಂದ ತೀರ್ಪು, ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿಗೆ ಭಂಗ ಎಂದಿತು. ಸರ್ಕಾರ 25,000 ರೂಪಾಯಿ ಪರಿಹಾರ ಕೊಡಬೇಕಾಯಿತು. ಅಷ್ಟಕ್ಕೇ ಬಿಡದೆ ಕೋರ್ಟು ಮುಂದಿನ ದಾರಿಯನ್ನೂ ತೋರಿಸಿತು. ಸಣ್ಣ ಆರೋಗ್ಯ ಕೇಂದ್ರದಲ್ಲೇ ಮೊದಲ ಚಿಕಿತ್ಸೆ ಕೊಟ್ಟು ರೋಗಿಯನ್ನು ಒಂದು ಹದಕ್ಕೆ ತರಬೇಕು. ಎಲ್ಲಿ ಹಾಸಿಗೆ ಖಾಲಿ ಇದೆ ಎಂದು ತಿಳಿಯುವ ಸಂಪರ್ಕ ವ್ಯವಸ್ಥೆ ಇರಬೇಕು. ಸಾಗಿಸಲು ಸಲಕರಣೆ ಇರುವ ಆಂಬುಲೆನ್ಸ್ ಬೇಕು. ಆಗ ಹಳ್ಳಿಯಲ್ಲಿ ಫೋನೇ ಅಪರೂಪ. ಈಗ ಪ್ರತಿ ಡಾಕ್ಟರ ಜೇಬಿನಲ್ಲೂ ಫೋನಿದೆ. ಕರೆ ಮಾತ್ರ ಹೋಗುವುದಿಲ್ಲ.

ಹೆದ್ದಾರಿಯ ಅಪಘಾತಕ್ಕೆ 1989ರ ತೀರ್ಪೇ ಇದೆ: ಪೊಲೀಸ್ ಕಾಗದ ಆಮೇಲೆ, ಮೊದಲು ಜೀವ. ಕಡೂರು, ತರೀಕೆರೆ ಎರಡೂ ತುಮಕೂರು–ಶಿವಮೊಗ್ಗ ಹೆದ್ದಾರಿಯ ಮೇಲಿರುವ ಊರುಗಳಾದ್ದರಿಂದ ಇದು ಇಲ್ಲಿನವರೆಲ್ಲ ನೆನಪಿಡಬೇಕಾದ ಮಾತು.

ಕಾಗದ ಕೇಳುತ್ತಾ ಕೂತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಬಂದ ಒಬ್ಬ ಬಡ ಗರ್ಭಿಣಿಯನ್ನು ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ವಾಪಸು ಕಳಿಸಿದರು. ಮಾರನೇ ದಿನ ಆಕೆ ಮನೆಯಲ್ಲೇ ಹೆತ್ತು ಸತ್ತಳು, ಅವಳಿ ಕೂಸುಗಳೂ ಉಳಿಯಲಿಲ್ಲ. ಡಾಕ್ಟರು, ನರ್ಸುಗಳ ಅಮಾನತಾಯಿತು. ತುರ್ತು ಚಿಕಿತ್ಸೆಗೆ ಕಾಗದ ಕೇಳಬೇಡಿ ಎಂದು ಸರ್ಕಾರ ಆಮೇಲೆ ಸೂಚನೆ ಹೊರಡಿಸಿತು. ಮೂರು ಜೀವ ಹೋದ ಮೇಲೆ!

ಮೊದಲು ಕೈ, ಆಮೇಲೆ ಚೀಟಿ

ಇದಕ್ಕೆ ಮದ್ದಿಲ್ಲವೇ ಅಂದರೆ ಇದೆ, ಸರ್ಕಾರದ ಮನೆಯಲ್ಲೇ ಇದೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯನ್ನು ನೋಡಿ. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇ.ಸಿ.ಜಿ. ತೆಗೆಯುತ್ತಾರೆ. ಅದು ಫೋನಿನ ತಂತಿಯ ಮೇಲೆ ಜಯದೇವದಂಥ ದೊಡ್ಡ ಹೃದಯಾಸ್ಪತ್ರೆಗೆ ಹೋಗುತ್ತದೆ. ಹೃದಯಾಘಾತ ಎಂದು ತಜ್ಞರು ಹೇಳಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನು ಪುಕ್ಕಟೆಯಾಗಿ ಅಲ್ಲಿಯೇ ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ಹೊರಗೆ ಕೊಂಡರೆ ಸಾವಿರಾರು ರೂಪಾಯಿಯ ಮದ್ದು. ಇಲ್ಲೂ ರೋಗಿ ಮುಂದಕ್ಕೆ ಹೋಗುತ್ತಾನೆ. ಆದರೆ ಬರಿಗೈಯಲ್ಲಿ ಹೋಗುವುದಿಲ್ಲ.

ಹಾವು ಕಡಿತವೂ ಹಾಗೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಸಾರಿತು. ತೋಟ, ಗದ್ದೆ, ಹುಲ್ಲು ಬಣವೆಯ ನಮ್ಮ ಸೀಮೆಗೆ ಇದು ಬೇಕಾಗಿದ್ದದ್ದೇ. ವಿಷ ಇಳಿಸುವ ಮದ್ದಿನ ಮೊದಲ ಡೋಸು ಹತ್ತಿರದ ಆಸ್ಪತ್ರೆಯಲ್ಲೇ ಬಿದ್ದರೆ ಹಾದಿಯ ಒಂದು ಗಂಟೆ ಪ್ರಾಣ ತೆಗೆಯುವುದಿಲ್ಲ.

ಬಸುರಿ-ಬಾಣಂತಿಯರಿಗಂತೂ ಹಾದಿಯನ್ನೂ ಬಿಟ್ಟಿ ಮಾಡಿದ ಯೋಜನೆ 2011ರ ಜೂನ್‌ನಿಂದ ಇದೆ. ಜನನಿ ಶಿಶು ಸುರಕ್ಷಾ ಎಂದು ಅದರ ಹೆಸರು. ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲ ಪುಕ್ಕಟೆ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ನಿಗೆ ಏಳು ದಿನ ಊಟ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಕೊನೆಗೆ ಮನೆಗೆ ವಾಪಸು ವಾಹನ. ಮನೆಗೆ ಬಿಡುವ ಗಾಡಿಗೆ ಇಲ್ಲಿ ‘ನಗು-ಮಗು’ ಎಂದು ಹೆಸರು. ಈ ಮಾತು ಎಷ್ಟು ಮನೆಗಳಿಗೆ ಗೊತ್ತಿದೆ? ಗೊತ್ತಿಲ್ಲದೆ ಬಾಡಿಗೆ ಕಾರಿಗೆ ದುಡ್ಡು ಕೊಟ್ಟವರೇ ಹೆಚ್ಚು ಸಿಗುತ್ತಾರೆ. 108 ಆಂಬುಲೆನ್ಸ್ 2008ರ ನವೆಂಬರ್ 1ರಿಂದ ಓಡುತ್ತಿದೆ, ಅದರ ನಂಬರು ಮಕ್ಕಳಿಗೂ ಬಾಯಿಪಾಠ. ಆದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವಾಗ ವಾಹನ ಕೇಳುವುದು ತನ್ನ ಹಕ್ಕು ಎಂದು ತಿಳಿದಿರುವ ಗರ್ಭಿಣಿ ಕಡಿಮೆ.

ಇನ್ನೊಂದು ಚೀಟಿಯ ಬೆಲೆಯೂ ಜನಕ್ಕೆ ಗೊತ್ತಾಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಲ್ಲಿ ಶುರುವಾಯಿತು. ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆ ಸೌಕರ್ಯ ಇಲ್ಲ ಎಂಬ ಶಿಫಾರಸು ಚೀಟಿ ಇದ್ದರೆ ಮಾತ್ರ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಬೇಸರವಾಗಿ ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ನುಗ್ಗಿ, ಬಿಲ್ ಬಂದಮೇಲೆ ಕಾರ್ಡು ತೋರಿಸಿ, ಆಗಲ್ಲ ಎನ್ನಿಸಿಕೊಂಡವರು ಊರೂರಿಗೂ ಇದ್ದಾರೆ. ಸರ್ಕಾರಿ ಆಸ್ಪತ್ರೆಯ ಆ ಒಂದು ತುಂಡು ಕಾಗದ ಕೆಲವು ಸಲ ಲಕ್ಷ ರೂಪಾಯಿಯ ಚೆಕ್ಕಿಗೆ ಸಮ.

ಹೊರಗಿನ ಔಷಧಿ

ಮೂರನೆಯ ಚೀಟಿ ಆಸ್ಪತ್ರೆಯಿಂದ ಎದುರಿನ ಮೆಡಿಕಲ್ ಶಾಪಿಗೆ ಹೋಗುವುದು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೊರಗೆ ಬರೆಯಬಾರದು ಎಂಬುದು ಸರ್ಕಾರ ಮತ್ತೆ ಮತ್ತೆ ಹೇಳುವ ಮಾತು. 2025ರ ಮೇ ತಿಂಗಳಲ್ಲಿ ಆಸ್ಪತ್ರೆ ಆವರಣದ ಜನೌಷಧಿ ಮಳಿಗೆಗಳೇ ಬೇಡ, ಔಷಧಿ ಪೂರ್ತಿ ಪುಕ್ಕಟೆ ಕೊಡುತ್ತೇವೆ ಎಂದು ಸರ್ಕಾರ ಹೊರಟಿತು, ಆ ವಿಚಾರ ಹೈಕೋರ್ಟಿನ ಮೆಟ್ಟಿಲೇರಿತು. ದಾಸ್ತಾನು ಕೋಣೆಯಲ್ಲಿ ಮಾತ್ರೆ ಇಲ್ಲದಿದ್ದಾಗ ಡಾಕ್ಟರು ಬರೆಯದಿದ್ದರೆ ರೋಗಿ ಸಾಯುತ್ತಾನೆ, ಬರೆದರೆ ನಿಯಮ ಸಾಯುತ್ತದೆ. ಪರಿಹಾರ ದಾಸ್ತಾನಿನಲ್ಲಿದೆ, ಆದೇಶದಲ್ಲಿಲ್ಲ.

ದೂರು ಯಾರಿಗೆ?

ಅನ್ಯಾಯವಾದರೆ ಬಡವನು ಎಲ್ಲಿಗೆ ಹೋಗಬೇಕು? ಗ್ರಾಹಕರ ಕೋರ್ಟು ಎನ್ನುವವರಿದ್ದಾರೆ. 1995ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆ. ದುಡ್ಡು ಕೊಟ್ಟವನು ಗ್ರಾಹಕ, ಕೊಡದವನು ಬರೀ ರೋಗಿ! ಲೋಕಾಯುಕ್ತ ಇದೆ, ಮಾನವ ಹಕ್ಕು ಆಯೋಗ ಇದೆ, ಎರಡರ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲಿ. ಮತ್ತೆ ಹಾದಿ!

ದಾರಿ ಕಾಣದ ಸಿಟ್ಟು ಕೈಗೆ ಸಿಕ್ಕವರ ಮೇಲೆ ತಿರುಗುತ್ತದೆ. ರಾತ್ರಿ ಪಾಳಿಯ ನರ್ಸು, ನಿನ್ನೆ ಮೊನ್ನೆ ಸೇರಿದ ಕಿರಿಯ ಡಾಕ್ಟರು ಏಟು ತಿನ್ನುತ್ತಾರೆ. 2009ರ ರಾಜ್ಯ ಕಾನೂನಿನ ಪ್ರಕಾರ ಇದು ಜೈಲಿಗೆ ಹೋಗುವ ಅಪರಾಧ. ಅದಕ್ಕಿಂತ ಹೆಚ್ಚಾಗಿ ಇದು ಊರಿಗೇ ಮುಳುವು. ಒಬ್ಬ ಡಾಕ್ಟರಿಗೆ ಹೊಡೆದ ಊರಿಗೆ ಇನ್ನೊಬ್ಬ ಡಾಕ್ಟರು ಬರಲು ಮೀನಮೇಷ ಎಣಿಸುತ್ತಾರೆ, ಇದ್ದವರು ಇನ್ನಷ್ಟು ಬೇಗ ಪೆನ್ನು ತೆಗೆಯುತ್ತಾರೆ.

ಊರಿನಲ್ಲೇ ಇರುವ ದಾರಿಯೊಂದನ್ನು ಜನ ಮರೆತಿದ್ದಾರೆ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಎಂದು ಒಂದಿದೆ. ತಾಲ್ಲೂಕು ಆಸ್ಪತ್ರೆಯ ಸಮಿತಿಗೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಅದಕ್ಕೆ ಸ್ವಂತ ಹಣ ಉಂಟು, ಊರಿನ ಸದಸ್ಯರೂ ಉಂಟು. ಆ ಸಭೆ ಯಾವಾಗ ಸೇರುತ್ತದೆ, ಏನು ಮಾತಾಡುತ್ತದೆ ಎಂದು ಕೇಳುವ ಹಕ್ಕು ಆಸ್ಪತ್ರೆ ಎದುರಿನ ಕ್ಯಾಂಟೀನಿನವರಿಂದ ಹಿಡಿದು ಬಸ್ಸಿಗೆ ಕಾಯುವವರವರೆಗೆ ಎಲ್ಲರಿಗೂ ಇದೆ.

ಆಗಬೇಕಾದ್ದು ನಾಲ್ಕೇ

ಆ ಸಮಿತಿ ಮನಸ್ಸು ಮಾಡಿದರೆ ನಾಲ್ಕು ಕೆಲಸ ನಾಳೆಯಿಂದಲೇ ಆಗುತ್ತದೆ.

ಒಂದು: ಮುಂದಕ್ಕೆ ಕಳಿಸುವ ಪ್ರತಿ ಚೀಟಿಯಲ್ಲೂ ರೋಗ ಏನು, ಕೊಟ್ಟ ಮದ್ದು ಯಾವುದು, ಎಷ್ಟು ಹೊತ್ತಿಗೆ, ಇಲ್ಲಿ ಯಾಕೆ ಆಗುವುದಿಲ್ಲ ಎಂಬುದನ್ನು ಬರೆಯಬೇಕು. ಅದನ್ನೇ ಮನೆಯವರಿಗೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು.

ಎರಡು: ರೋಗಿ ಹೊರಡುವ ಮೊದಲು ಮುಂದಿನ ಆಸ್ಪತ್ರೆಗೆ ಒಂದು ಫೋನು. ಹಾಸಿಗೆ ಇದೆಯೇ, ತಜ್ಞರು ಇದ್ದಾರೆಯೇ, ಯಾರನ್ನು ಕೇಳಬೇಕು. ತರೀಕೆರೆಯಿಂದ ಶಿವಮೊಗ್ಗಕ್ಕೆ ಕರೆ ಮಾಡಲು ಜಿಲ್ಲೆಯ ಗಡಿ ಅಡ್ಡ ಬರಬಾರದು.

ಮೂರು: ಬಸುರಿ, ಬಾಣಂತಿ, ಹಸುಗೂಸಿಗೆ ವಾಹನ ಪುಕ್ಕಟೆ ಎಂದು ಹೆರಿಗೆ ವಾರ್ಡಿನ ಬಾಗಿಲಿಗೇ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಹಾಗೆಯೇ ಈ ಆಸ್ಪತ್ರೆಯಲ್ಲಿ ಯಾವ ತಜ್ಞರು ಯಾವ ದಿನ, ಎಷ್ಟು ಹೊತ್ತಿನವರೆಗೆ ಇರುತ್ತಾರೆ ಎಂಬ ಸುಳ್ಳಿಲ್ಲದ ಬೋರ್ಡು ಬೇಕು. ಅಜ್ಜಂಪುರದಂಥ ಹೊಸ ತಾಲ್ಲೂಕಿಗೆ ಇದು ಎಲ್ಲಕ್ಕಿಂತ ಮುಖ್ಯ. ಇಲ್ಲ ಎಂದು ಮೊದಲೇ ಗೊತ್ತಾದರೆ ಜನ ನೇರ ಇರುವಲ್ಲಿಗೆ ಹೋಗುತ್ತಾರೆ, ಒಂದು ಗಂಟೆ ಉಳಿಯುತ್ತದೆ. ಒಂದು ಗಂಟೆ ಅಂದರೆ ಕೆಲವರಿಗೆ ಒಂದು ಜೀವ.

ನಾಲ್ಕು: ತಿಂಗಳಿಗೊಮ್ಮೆ ಲೆಕ್ಕ. ಎಷ್ಟು ಜನ ಬಂದರು, ಎಷ್ಟು ಜನರನ್ನು ಮುಂದಕ್ಕೆ ಕಳಿಸಲಾಯಿತು, ಯಾವ ತಜ್ಞರಿಲ್ಲವೆಂದು, ಹಗಲೋ ರಾತ್ರಿಯೋ. ಹೆಸರು ಬೇಡ, ಸಂಖ್ಯೆ ಸಾಕು. ಅದನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ಅರಿವಳಿಕೆ ಡಾಕ್ಟರಿಲ್ಲದೆ ಇಷ್ಟು ಹೆರಿಗೆ ಹೊರಗೆ ಹೋಯಿತು ಎಂಬ ಕಾಗದ ಕೈಯಲ್ಲಿದ್ದರೆ, ಬೆಂಗಳೂರಿನಲ್ಲಿ ಹುದ್ದೆ ಕೇಳಲು ಶಾಸಕರಿಗೂ ಬಲ, ಆಪಾದನೆ ಹೊರುತ್ತಿರುವ ಡಾಕ್ಟರಿಗೂ ಬಲ.

ಈ ನಾಲ್ಕಕ್ಕೂ ಹೊಸ ಕಟ್ಟಡ ಬೇಡ, ಟೆಂಡರು ಬೇಡ, ಶಂಕುಸ್ಥಾಪನೆ ಬೇಡ. ಹಾರ-ತುರಾಯಿ, ಫೋಟೋ ಇಲ್ಲದ ಕೆಲಸವಾದ್ದರಿಂದಲೇ ಇದು ಯಾರ ಕಣ್ಣಿಗೂ ಬೀಳುತ್ತಿಲ್ಲವೋ ಏನೋ! ಕಡೂರು ಮತ್ತು ತರೀಕೆರೆ ಕ್ಷೇತ್ರದ ಶಾಸಕರು, ತಾಲ್ಲೂಕು ಆರೋಗ್ಯಾಧಿಕಾರಿಗಳು, ಜಿಲ್ಲಾ ಕೇಂದ್ರದ ದೊಡ್ಡವರು ಮುಂದಿನ ಸಭೆಯಲ್ಲಿ ಈ ನಾಲ್ಕು ವಿಷಯವನ್ನು ಎತ್ತಿಕೊಳ್ಳುವರೆ? ಇಲ್ಲಾ, ರೋಗಿಯನ್ನು ಕಳಿಸಿದ ಹಾಗೆ ಇದನ್ನೂ ‘ಮುಂದಕ್ಕೆ’ ಕಳಿಸುವರೆ?